‘ಓದು ಹತ್ತಲಿಲ್ಲ’ ಅನ್ನುವ ಸುಳ್ಳು



ಮಾಡದಕೆರೆ ಹೋಬಳಿಯ ಯಾವ ಊರಿಗೆ ಬೇಕಾದರೂ ಹೋಗಿ. ಊರಾಚೆಯ ಕಾಲೋನಿಯಲ್ಲಿ ನಿಂತು ಕೇಳಿ: ಇಲ್ಲಿ ಹೈಸ್ಕೂಲು ಬಿಟ್ಟ ಹುಡುಗರು ಯಾಕೆ ಬಿಟ್ಟರು? ಊರ ಗೌಡರು ಹೇಳೋದೂ ಒಂದೇ, ಮೇಷ್ಟ್ರು ಹೇಳೋದೂ ಒಂದೇ, ಕೊನೆಗೆ ಹೆತ್ತ ಅವ್ವ ಹೇಳೋದೂ ಅದೇ ಒಂದು ಮಾತು: "ಅವನಿಗೆ ಓದು ಹತ್ತಲಿಲ್ಲ ಕಣಪ್ಪ."

ಹತ್ತಲಿಲ್ಲ! ಹಸಿ ಸೌದೆಗೆ ಬೆಂಕಿ ಹತ್ತೋದಿಲ್ಲ, ನಿಜ. ಆದರೆ ಒಣಗಿದ ಸೌದೆಯ ಮೇಲೆ ಕೊಡಗಟ್ಟಲೆ ನೀರು ಹೊಯ್ದು, ಆಮೇಲೆ ‘ನೋಡ್ರಪ್ಪ, ಈ ಸೌದೆ ಜಾತಿಯೇ ಹೀಗೆ, ಹತ್ತೋದಿಲ್ಲ’ ಅಂತ ತೀರ್ಪು ಕೊಡೋದು ಯಾವ ನ್ಯಾಯ? ನೀರು ಹೊಯ್ದವರು ಯಾರು ಅಂತ ಯಾರೂ ಕೇಳೋದಿಲ್ಲ. ಈ ಹಾಳೆಯಲ್ಲಿ ನಾನು ಅದನ್ನು ಕೇಳಬೇಕು ಅಂತ ಕೂತಿದ್ದೇನೆ. ಕೇಳುತ್ತಾ ಹೋದರೆ ಬೆರಳು ಕೊನೆಗೆ ನಮ್ಮ ಕಡೆಗೂ ತಿರುಗುತ್ತದೆ. ಅದಕ್ಕೂ ತಯಾರಾಗಿ ಓದಿ.

ನಮ್ಮ ಸೀಮೆಯಲ್ಲಿ ಒಂದರಿಂದ ಏಳರವರೆಗೆ ಓದು ಊರಲ್ಲೇ, ಇಲ್ಲವೇ ಪಕ್ಕದ ಊರಲ್ಲಿ. ಹೊಲದಲ್ಲಿ ಕಳೆ ಕೀಳೋ ಅವ್ವನಿಗೆ ಇಸ್ಕೂಲಿನ ಹೆಂಚು ಕಾಣುತ್ತಿರುತ್ತದೆ. ಇರೋ ಇಬ್ಬರು ಮೂವರು ಮೇಷ್ಟ್ರಿಗೆ ಮಗುವಿನ ಹೆಸರು ಗೊತ್ತು, ಅದರ ಅಪ್ಪನ ಹೆಸರೂ ಗೊತ್ತು. ಎಂಟನೇ ಕ್ಲಾಸಿಗೆ ಇದೆಲ್ಲ ಒಂದೇ ದಿನದಲ್ಲಿ ಮುಗಿದು ಹೋಗುತ್ತದೆ. ಹೋಬಳಿ ಊರಿಗೆ ನಡೆಯಬೇಕು, ಇಲ್ಲವೇ ಬಸ್ಸಿಗೆ ಕಾಯಬೇಕು. ಗಂಟೆ ಹೊಡೆದ ಹಾಗೆಲ್ಲ ಮೇಷ್ಟ್ರು ಬದಲಾಗುತ್ತಾರೆ. ಕನ್ನಡಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು, ವಿಜ್ಞಾನಕ್ಕೆ ಇನ್ನೊಬ್ಬರು. ಯಾರಿಗೂ ಹೆಸರು ಗೊತ್ತಿಲ್ಲ. ನಾಲ್ಕಾರು ಊರಿನ ಹುಡುಗರು, ನಾಲ್ಕಾರು ಊರಿನ ಜಾತಿ, ನಾಲ್ಕಾರು ಊರಿನ ಕಣ್ಣು. ಹದಿಮೂರು ವರ್ಷದ ಕೂಸು ಜೂನ್ ತಿಂಗಳ ಒಂದು ಬೆಳಿಗ್ಗೆ ಇದರೊಳಗೆ ಒಂಟಿಯಾಗಿ ಕಾಲಿಡುತ್ತದೆ.

ಅದೇ ಬೆಂಚಿನ ಆಚೆ ತುದಿಗೆ ಕೂತ ಹುಡುಗನನ್ನು ನೋಡಿ. ಅವನ ಅಪ್ಪ ಎಸ್ಸೆಸ್ಸೆಲ್ಸಿ ಪಾಸು. ಅಕ್ಕನ ಹಳೇ ನೋಟು ಅಟ್ಟದ ಮೇಲಿದೆ. ಸೋದರಮಾವ ಮೇಷ್ಟ್ರು. ಸಂಜೆಗೆ ಟ್ಯೂಷನ್ನು. ಅವನು ಹೈಸ್ಕೂಲಿಗೆ ಬರೋ ಮೊದಲೇ ಹೈಸ್ಕೂಲು ಅವನ ಮನೆಗೆ ಬಂದಿತ್ತು. ನಮ್ಮ ಮಗುವಿನ ಮನೆಗೆ ಅದು ಬಂದೇ ಇಲ್ಲ. ಅವನು ಗೆದ್ದರೆ ‘ಬುದ್ಧಿವಂತ’, ಇವನು ಎಡವಿದರೆ ‘ಓದು ಹತ್ತಲಿಲ್ಲ’! ಇದು ಯಾವ ತಕ್ಕಡಿ?

ನನ್ನದೇ ಕತೆ ಹೇಳುತ್ತೇನೆ. ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಾನು ಓದಿದ ಹೈಸ್ಕೂಲಿನ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ‘ಅದು ಆ ಒಂದು ಇಸ್ಕೂಲಿನ ತಪ್ಪು’ ಅಂತ ಮಿಕ್ಕವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ನನ್ನ ಜೊತೆಗೆ ಒಬ್ಬ ಹುಡುಗ ಎಂಟಕ್ಕೆ ಸೇರಿದ. ಅವನ ಅಪ್ಪ ತೋಟಗಳಲ್ಲಿ ತೆಂಗಿನಕಾಯಿ ಸುಲಿಯೋ ಕೂಲಿ. ಸಾವಿರ ಕಾಯಿಗೆ ಇಷ್ಟು ಅಂದರೆ ಇವತ್ತಿನ ಕಾಯಿಗೆ ಎಷ್ಟಾಯಿತು, ಹಿಂದಿನ ಸಾಲ ಮುರಕೊಂಡರೆ ಎಷ್ಟು ಉಳೀತು, ಇದನ್ನೆಲ್ಲ ಸಾಹುಕಾರ ಪೆನ್ನು ತೆಗೆಯೋದರೊಳಗೆ ಇವನು ಬಾಯಲ್ಲೇ ಹೇಳುತ್ತಿದ್ದ. ಲೆಕ್ಕದಲ್ಲಿ ನಾನು ಅವನ ಕಾಲ ಧೂಳಿಗೂ ಸಮ ಇರಲಿಲ್ಲ.

ಮೊದಲನೇ ವಾರ ಒಬ್ಬ ಮೇಷ್ಟ್ರು ಪಟ್ಟಿ ಹಿಡಿದು ಬಂದು, "ಎಸ್ಸಿ ಹುಡುಗರೆಲ್ಲ ಎದ್ದು ನಿಂತ್ಕಳ್ರೋ, ಸ್ಕಾಲರ್‌ಶಿಪ್ಪಿಗೆ ಬರ್ಕೋಬೇಕು" ಅಂದರು. ನಾವು ಎದ್ದೆವು. ಇಡೀ ಕ್ಲಾಸು ತಿರುಗಿ ನೋಡಿತು. ಅಲ್ಲಿಯವರೆಗೆ ನನ್ನ ಪಕ್ಕ ಕೂತು ಪೆನ್ಸಿಲ್ ಕೇಳುತ್ತಿದ್ದ ಹುಡುಗ ಮಾರನೇ ದಿನ ಬೇರೆ ಬೆಂಚಿಗೆ ಹೋಗಿ ಕೂತ. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಬೆಂಚು ಖಾಲಿಯಾಯಿತು, ಅಷ್ಟೇ.

ಇನ್ನೊಂದು ದಿನ ಲೆಕ್ಕದ ಪಿರಿಯಡ್ಡು. ಬೋರ್ಡಿನ ಮೇಲೆ ‘ಎಕ್ಸ್’ ಅಂತ ಬರೆದರು. ನನ್ನ ಜೊತೆಗಾರ ಕೈ ಎತ್ತಿ, "ಎಕ್ಸ್ ಅಂದ್ರೆ ಏನ್ ಸಾರ್?" ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ಹೇಳಿದ್ದು ಇದು: "ನಿಮ್ಮೋರಿಗೆ ಸ್ಕಾಲರ್‌ಶಿಪ್ ಲೆಕ್ಕ ಬಂದ್ರೆ ಸಾಕು, ಕೂತ್ಕೊಳ್ಳೋ." ಅವನು ಕೂತ. ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ. ದಸರಾ ರಜೆಗೆ ಊರಿಗೆ ಬಂದವನು ಇಸ್ಕೂಲಿಗೆ ಹೋಗಲಿಲ್ಲ.

ಎಕ್ಸ್ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಆದರೆ ನನಗೆ ಒಬ್ಬ ಅಣ್ಣ ಇದ್ದ. ದೊಡ್ಡಪ್ಪನ ಮಗ, ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದವನು. ಶನಿವಾರ ರಾತ್ರಿ ಊರಿಗೆ ಬರೋನು. ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಕೂರಿಸಿಕೊಂಡು ಒಂದು ಹಿಡಿ ಹುಣಸೆ ಬೀಜ ತಂದ. ಮುಷ್ಟಿ ಮುಚ್ಚಿ, "ಇದೇ ಎಕ್ಸ್ ಕಣೋ. ಒಳಗೆ ಎಷ್ಟು ಅದಾವೆ ನಿನಗೆ ಗೊತ್ತಿಲ್ಲ. ಹೊರಗೆ ಮೂರು ಇಟ್ಟೀನಿ. ಒಟ್ಟು ಎಂಟು. ಒಳಗೆ ಎಷ್ಟು?" ಅಂದ. "ಐದು" ಅಂದೆ. ಮುಷ್ಟಿ ಬಿಚ್ಚಿದ. ಐದೇ ಇದ್ದವು. "ಇಷ್ಟೇ ಕಣೋ ಬೀಜಗಣಿತ" ಅಂದ.

ನಾನು ಪಾಸಾದೆ, ಹಾಸ್ಟೆಲ್ ಸೇರಿದೆ, ಬಿ.ಎ. ಮುಗಿಸಿದೆ, ಪದ್ಯ ಬರೆದೆ. ಅವನು ಕಾಯಿ ಸುಲಿಯುತ್ತಾನೆ. ಎದುರು ಸಿಕ್ಕರೆ "ಏನ್ ಬಿ.ಎ. ಸಾಹೇಬ್ರೇ" ಅಂತ ನಗುತ್ತಾನೆ. ಆ ನಗುವಿಗೆ ನನ್ನ ಯಾವ ಪದ್ಯದಲ್ಲೂ ಉತ್ತರ ಇಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಬುದ್ಧಿಯದಲ್ಲ. ಭಾನುವಾರದ ಒಂದು ಗಂಟೆಯದು, ಒಂದು ಹಿಡಿ ಹುಣಸೆ ಬೀಜದ್ದು.

ಹಾಗಾದರೆ ಅಣ್ಣ ಅವನನ್ನೂ ಯಾಕೆ ಕರೆಯಲಿಲ್ಲ? ಅವನ ಕೇರಿ ಬೇರೆ, ನಮ್ಮ ಕೇರಿ ಬೇರೆ. ಎರಡೂ ಊರಾಚೆಯೇ! ನಡುವೆ ಇದ್ದದ್ದು ಒಂದು ಚರಂಡಿ. ಆ ಚರಂಡಿಯನ್ನು ಅಣ್ಣ ದಾಟಲಿಲ್ಲ. ನಾನೂ ದಾಟಲಿಲ್ಲ. ಮುಷ್ಟಿಯಲ್ಲಿ ಐದು ಬೀಜ ಹಿಡಿದು ಸೋಮವಾರ ಬೆಳಿಗ್ಗೆ ಅವನ ಮನೆ ಮುಂದೆ ನಿಂತಿದ್ದರೆ ಸಾಕಿತ್ತು.

ಈಗ ಹೊರಗಿನವರ ಲೆಕ್ಕ ನೋಡೋಣ. ಮೊದಲು ಸರ್ಕಾರ.

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಉಚಿತ, ಕಡ್ಡಾಯ ಶಿಕ್ಷಣ ಅಂತ ಬರೆದರು. ಎಲ್ಲಿಯತನಕ? ಎಂಟನೇ ಕ್ಲಾಸು ಮುಗಿಯುವತನಕ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗೋದೇ ಎಂಟರಿಂದ. ಅಂದರೆ ಮಗು ಹೈಸ್ಕೂಲಿನ ಒಂದು ಮೆಟ್ಟಿಲು ಹತ್ತಿದ ಕೂಡಲೇ ಕಾನೂನು ಕೈ ಬಿಡುತ್ತದೆ. ಒಂಬತ್ತು ಹತ್ತಕ್ಕೆ ಇಸ್ಕೂಲುಗಳು ಇವೆ, ಬಿಸಿಯೂಟ ಇದೆ, ಆದರೆ ಆ ಕಾಯಿದೆಯ ಹಕ್ಕು ಇಲ್ಲ. ಇನ್ನೊಂದು ಕಡೆ ಬಾಲಕಾರ್ಮಿಕ ಕಾಯಿದೆ. 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರೊಳಗಿನ ಮಗುವನ್ನು ಕೂಲಿಗೆ ಹಚ್ಚುವಂತಿಲ್ಲ. ಹದಿನಾಲ್ಕು ದಾಟಿದರೆ ಅಪಾಯದ ಕೆಲಸ ಬಿಟ್ಟು ಮಿಕ್ಕಿದ್ದಕ್ಕೆ ಹಚ್ಚಬಹುದು. ನೋಡಿದಿರಾ ಚಮತ್ಕಾರ? ಒಂದೇ ವಯಸ್ಸಿಗೆ ಒಂದು ಕಾನೂನು ಇಸ್ಕೂಲಿನಿಂದ ಹೊರಕ್ಕೆ ಬಾಗಿಲು ತೆಗೆಯುತ್ತದೆ, ಇನ್ನೊಂದು ಕಾನೂನು ಕೂಲಿಯ ಒಳಕ್ಕೆ ಬಾಗಿಲು ತೆಗೆಯುತ್ತದೆ. ಆ ಎರಡು ಬಾಗಿಲ ನಡುವೆ ನಿಂತಿರೋದು ನಮ್ಮ ತಮ್ಮ, ನಮ್ಮ ತಂಗಿ.

2006ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು ಶುರುವಾಯಿತು. ದೂರದ ಹಟ್ಟಿಯ ಮಗುವಿಗೆ ಅದೊಂದು ರೆಕ್ಕೆ. 2020ರ ಕೊರೋನಾ ಬಂತು, ಸೈಕಲ್ ನಿಂತಿತು. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಣ್ಣು ಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದೇ. ಆದರೆ ಖಾಸಗಿ ಬಸ್ಸು ಓಡೋ ದಾರಿಯಲ್ಲಿ ಟಿಕೆಟ್ಟು ಟಿಕೆಟ್ಟೇ. ಯಾವ ಬಸ್ಸೂ ಬರದ ಊರಿನ ಹುಡುಗಿಗೆ ಪುಕ್ಕಟೆ ಟಿಕೆಟ್ಟಿನಿಂದ ಏನಾಗಬೇಕು?

ಇನ್ನು ಪುಸ್ತಕ. ಮನೆಯಲ್ಲಿ ನಾವು ಆಡೋದು ಕನ್ನಡ. ಪುಸ್ತಕದಲ್ಲಿರೋದೂ ಕನ್ನಡವಂತೆ! ‘ದ್ಯುತಿಸಂಶ್ಲೇಷಣೆ’, ‘ಬಹುಪದೋಕ್ತಿ’, ‘ತ್ರಿಕೋನಮಿತಿ’. ಎಲೆ ಬಿಸಿಲಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ ಅಂದರೆ ರಾಗಿ ಹೊಲದಲ್ಲಿ ಹುಟ್ಟಿದ ಮಗುವಿಗೆ ಅರ್ಥವಾಗದೆ ಇರುತ್ತದೆಯೆ? ಬಾಬಾಸಾಹೇಬರು ಬೊಂಬಾಯಿಯಲ್ಲಿ ಓದುವಾಗ ಸಂಸ್ಕೃತ ಕಲಿಯೋಕೆ ಬಿಡಲಿಲ್ಲ, ಪಾರ್ಸಿ ಭಾಷೆ ತಗೊಂಡರು. ಅಂದು ಸಂಸ್ಕೃತವನ್ನು ಮುಟ್ಟಬೇಡ ಅಂದವರೇ ಇಂದು ಲೆಕ್ಕವನ್ನೂ ಸಂಸ್ಕೃತದಲ್ಲೇ ಕಲಿ ಅನ್ನುತ್ತಿದ್ದಾರೆ! ಮಗು ತಡವರಿಸಿದರೆ ‘ಓದು ಹತ್ತಲಿಲ್ಲ’. ಹತ್ತದೆ ಇದ್ದದ್ದು ಓದಲ್ಲ ಸ್ವಾಮಿ, ನಿಮ್ಮ ಪದ.

ಮೂರನೆಯದು ಫಲಿತಾಂಶದ ಜಂಬ. 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು, ಶೇಕಡಾ 96.8. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿದರು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಮೊದಲ ಸ್ಥಾನ ಉಡುಪಿಗೆ ಹೋಯಿತು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೆ? ಇಲ್ಲ. ಮಕ್ಕಳು ಹಾಗೇ ಇದ್ದರು. ಅಂಕಿಯ ಹಿಂದೆ ಅಡಗಿಸಿದ್ದು ಹೊರಗೆ ಬಂತು. ಕಷ್ಟಪಟ್ಟು ಓದಿ ಪಾಸಾದವರು ಬೇಕಾದಷ್ಟು ಮಂದಿ, ಅವರ ಬೆವರನ್ನು ನಾನು ಹೀಯಾಳಿಸೋದಿಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಕೈ ಎತ್ತಿದ ಮಗುವನ್ನು ಕೂರಿಸಿ, ಹತ್ತನೇ ಕ್ಲಾಸಿನಲ್ಲಿ ಜಿಲ್ಲೆಯ ಸ್ಥಾನಕ್ಕಾಗಿ ಹೇಗೋ ಎತ್ತಿ ನಿಲ್ಲಿಸೋದು ವಿದ್ಯೆಯಲ್ಲ, ಕಣ್ಕಟ್ಟು. ಎಂಟು ಒಂಬತ್ತರಲ್ಲೇ ಇಸ್ಕೂಲು ಬಿಟ್ಟವರು ಆ ಶೇಕಡಾವಾರಿನ ಲೆಕ್ಕಕ್ಕೇ ಬರೋದಿಲ್ಲ ಅನ್ನೋದೂ ನೆನಪಿರಲಿ. ಪರೀಕ್ಷೆಗೆ ಕೂರದವನನ್ನು ಫೇಲು ಅನ್ನೋ ಮರ್ಯಾದೆಯೂ ಇಲ್ಲ.

ಎಲ್ಲ ಮೇಷ್ಟ್ರೂ ಹೀಗೆಯೆ? ಅಲ್ಲ. ಕೈಯಿಂದ ದುಡ್ಡು ಹಾಕಿ ನೋಟ್‌ಬುಕ್ಕು ಕೊಡಿಸಿದ ಮೇಷ್ಟ್ರುಗಳ ಋಣ ನಮ್ಮಲ್ಲಿ ಎಷ್ಟೋ ಮಂದಿಯ ಮೇಲಿದೆ. ಆದರೆ ಒಳ್ಳೇ ಮೇಷ್ಟ್ರು ಸಿಕ್ಕರೆ ಬದುಕು, ಸಿಗದಿದ್ದರೆ ಕೂಲಿ ಅನ್ನೋದಾದರೆ ಅದನ್ನು ಶಿಕ್ಷಣ ಅನ್ನಬಾರದು, ಲಾಟರಿ ಅನ್ನಬೇಕು. ಲಾಟರಿಯ ಇನ್ನೊಂದು ತುದಿ ನೋಡಬೇಕೆ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಬಳಿಸಿದ್ದು ಬಯಲಿಗೆ ಬಂತು. ಪೆನ್ನು ಹಿಡಿಯಲಿ ಅಂತ ಕಳಿಸಿದ ಕೈಗೆ ಬಕೆಟ್ಟು! ಅವರ ಅಪ್ಪ ಅವ್ವ ಕೂಡ ಮಕ್ಕಳು ಹಾಸ್ಟೆಲಿನಲ್ಲಿ ಸುಖವಾಗಿದಾವೆ ಅಂತ ರಾತ್ರಿ ನಿದ್ದೆ ಮಾಡಿದ್ದರು.

ಈಗ ನಮ್ಮ ಸರದಿ.

ನಾವು ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋ ಎತ್ತಿನ ಗಾಡಿಯಲ್ಲೋ ಟ್ರಾಕ್ಟರಿನಲ್ಲೋ ಇಟ್ಟು ಮೆರವಣಿಗೆ ಮಾಡುತ್ತೇವೆ. ‘ಗುಡಿಸಲಲ್ಲಿ ಹುಟ್ಟಿದ ಮಹಾನುಭಾವ ಒಬ್ಬರೇ ಓದಿ ಮೇಲೆ ಬಂದರು, ನೀವೂ ಓದಿ’ ಅಂತ ಮೈಕಿನಲ್ಲಿ ಕೂಗುತ್ತೇವೆ. ಒಬ್ಬರೇ ಬಂದರೆ? ಚರಿತ್ರೆ ಓದಿ. ಚಿಕ್ಕಂದಿನಲ್ಲಿ ಮನೆಯಿಂದ ಗೋಣಿತಟ್ಟು ತಗೊಂಡು ಹೋಗಿ ಅದರ ಮೇಲೆ ಕೂತು ಓದಿದ ಮಗು, ನಲ್ಲಿ ಮುಟ್ಟುವಂತಿಲ್ಲದೆ ಜವಾನ ಬಂದರೆ ನೀರು, ಬರದಿದ್ದರೆ ಬಾಯಾರಿಕೆ ಅಂತ ಬೆಳೆದ ಮಗು, ನಿಜ. ಆದರೆ ಬೊಂಬಾಯಿಯ ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ನಡುರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದೋಕೆ ಕೂರಿಸಿದ್ದು ಅಪ್ಪ ರಾಮ್‌ಜಿ. ಪುಸ್ತಕಕ್ಕೆ ಸಾಲ ಮಾಡಿದ್ದು ಅಪ್ಪ. ಪಾರ್ಕಿನಲ್ಲಿ ಒಂಟಿಯಾಗಿ ಓದುತ್ತಾ ಕೂತ ಹುಡುಗನನ್ನು ಕಂಡು ಮಾತಾಡಿಸಿದ್ದು ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಅನ್ನೋ ಮೇಷ್ಟ್ರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಪುಸ್ತಕ ಕೈಗಿತ್ತದ್ದೂ ಅವರೇ, ಬರೋಡ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಗೋಕೆ ನಿಂತದ್ದೂ ಅವರೇ. ಅಂಥಾ ಬುದ್ಧಿಗೇ ಒಬ್ಬ ಅಪ್ಪ, ಒಬ್ಬ ಕೇಳುಸ್ಕರ್ ಬೇಕಾಯಿತು. ನಮ್ಮ ಕಾಲೋನಿಯ ಮಗುವಿಗೆ ಬರೀ ಫೋಟೋ ಸಾಕೆ?

ನಮ್ಮ ಚಳುವಳಿಯನ್ನೇ ನೋಡಿ. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದವರು ಹಾಸ್ಟೆಲ್ ಹುಡುಗರು, ಎದ್ದು ನಿಂತವರೂ ಹಾಸ್ಟೆಲ್ ಹುಡುಗರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಹುಟ್ಟಿದ್ದು ಹರಿಹರದಲ್ಲಿ, 1997ರ ತನಕ ಅದು ನಮ್ಮ ಚಿತ್ರದುರ್ಗ ಜಿಲ್ಲೆಯೇ. ಅವರು ಭದ್ರಾವತಿಯಲ್ಲಿ ಕನ್ನಡದ ಮೇಷ್ಟ್ರು. ಹಾಸ್ಟೆಲಿನ ಅನ್ನದಲ್ಲಿ ಬೆಳೆದ ಚಳುವಳಿ ಇದು. ಆ ಹಾಸ್ಟೆಲಿನ ಬಾಗಿಲತನಕ ಬರೋ ಮೊದಲೇ ಎಂಟನೇ ಕ್ಲಾಸಿನಲ್ಲಿ ಉದುರಿ ಹೋದ ತಮ್ಮನ ಲೆಕ್ಕ ನಮ್ಮ ಯಾವ ಠರಾವಿನಲ್ಲಿದೆ? ಹಾಸ್ಟೆಲ್ ಸೇರಿದ ಮೇಲೆ ಊರಿಗೆ ಹೋಗೋಕೆ ನಮಗೆ ನಾಚಿಕೆ. ಹೋದರೂ ಮೊಬೈಲ್ ಹಿಡಿದು ಜಗಲಿ ಮೇಲೆ ಒರಗಿರುತ್ತೇವೆ. ಮುಂದೆಯೇ ಒಂದು ಹುಡುಗಿ ಪುಸ್ತಕ ತೆರೆದು, ಕೇಳಲೋ ಬೇಡವೋ ಅಂತ ನಮ್ಮ ಮುಖ ನೋಡುತ್ತಿರುತ್ತದೆ. ನೀರು ಹೊಯ್ದವರು ಅವರು, ಒಪ್ಪುತ್ತೇನೆ. ಕಡ್ಡಿಪೆಟ್ಟಿಗೆ ಜೇಬಿನಲ್ಲಿಟ್ಟುಕೊಂಡು ಗೀರದೆ ನಿಂತವರು ನಾವು.

ಬೈದು ಮುಗಿಸಿದರೆ ಪದ್ಯವಾಗುತ್ತದೆ, ಕೆಲಸವಾಗೋದಿಲ್ಲ. ಆದ್ದರಿಂದ ಹಾಸ್ಟೆಲಿನ ಪ್ರತಿಯೊಬ್ಬ ಅಣ್ಣ, ಅಕ್ಕ ತನ್ನ ಊರಿನ ಒಂದು ಎಂಟನೇ ಕ್ಲಾಸಿನ ಮಗುವನ್ನು ಹಿಡಿದುಕೊಳ್ಳಲಿ. ಒಂದೇ ಒಂದು. ಮಾಡಬೇಕಾದ್ದು ಇಷ್ಟು:

1. ಮೊದಲನೇ ದಿನ ಜೊತೆಗೆ ಹೋಗಿ. ಮೇಷ್ಟ್ರ ಮುಂದೆ ನಿಂತು, "ಸಾರ್, ಇವಳು ನಮ್ಮ ತಂಗಿ, ಏನೇ ಇದ್ದರೂ ನನಗೆ ಫೋನ್ ಮಾಡಿ" ಅಂತ ನಂಬರ್ ಕೊಡಿ. ಈ ಮಗುವಿನ ಹಿಂದೆ ಓದಿದವರು ಇದ್ದಾರೆ ಅಂತ ಗೊತ್ತಾದರೆ ಅರ್ಧ ಅವಮಾನ ಬಾಗಿಲಲ್ಲೇ ನಿಲ್ಲುತ್ತದೆ.

2. ಕಾಗದಪತ್ರ ಮಾಡಿಸಿ. ನಾಡಕಚೇರಿಯಿಂದ ಜಾತಿ, ಆದಾಯದ ಪ್ರಮಾಣಪತ್ರ, ಬ್ಯಾಂಕಿನಲ್ಲಿ ಮಗುವಿನ ಖಾತೆ, ಅದಕ್ಕೆ ಆಧಾರ್ ಜೋಡಣೆ. ಆಧಾರಿನಲ್ಲಿ ಒಂದು ಹೆಸರು, ಇಸ್ಕೂಲಿನಲ್ಲಿ ಇನ್ನೊಂದು ಇದ್ದರೆ ಸ್ಕಾಲರ್‌ಶಿಪ್ಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂಬತ್ತು ಹತ್ತನೇ ಕ್ಲಾಸಿನ ನಮ್ಮ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2012ರಿಂದ ಇದೆ. ದೂರದ ಊರಾದರೆ ಮೆಟ್ರಿಕ್ ಪೂರ್ವ ಹಾಸ್ಟೆಲಿಗೆ ಅರ್ಜಿ ಹಾಕಿಸಿ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಮೂರು ಸಲ ಅಲೆದು ವಾಪಸ್ಸು ಬರೋ ಕೆಲಸ ನಿಮಗೆ ಒಂದು ಬೆಳಗಿನದು.

3. ವಾರಕ್ಕೆ ಒಂದು ಗಂಟೆ ಕೂತು ಕಲಿಸಿ. ಮೊದಲು ಲೆಕ್ಕ, ಇಂಗ್ಲಿಷು. ಪುಸ್ತಕದ ದೊಡ್ಡ ಪದವನ್ನು ನಮ್ಮ ಮಾತಿಗೆ ಇಳಿಸಿ, ಅರ್ಥವಾದ ಮೇಲೆ ಮತ್ತೆ ಆ ಪದಕ್ಕೆ ಹತ್ತಿಸಿ. ಪರೀಕ್ಷೆಯಲ್ಲಿ ಬರೆಯಬೇಕಾದ್ದು ಆ ಪದವನ್ನೇ. ಏಳನೇ ಕ್ಲಾಸಿನ ಲೆಕ್ಕ ಬರದಿದ್ದರೆ ಏಳರಿಂದ ಶುರು ಮಾಡಿ, ಐದರದು ಬರದಿದ್ದರೆ ಐದರಿಂದ. ಬೈಯಬೇಡಿ. ಬೈಯೋಕೆ ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

4. ‘ಇವತ್ತು ಏನು ಓದಿದೆ’ ಅಂತ ಕೇಳೋ ಮೊದಲು ‘ಇವತ್ತು ಯಾರ ಜೊತೆ ಕೂತಿದ್ದೆ, ಯಾರ ಜೊತೆ ಊಟ ಮಾಡಿದೆ, ಯಾರು ಏನಂದರು’ ಅಂತ ಕೇಳಿ. ಮಗು ಇಸ್ಕೂಲು ಬಿಡೋ ಕಾರಣ ಅಲ್ಲಿರುತ್ತದೆ. ಹೊಡೆಯೋದು, ಮನಸ್ಸು ನೋಯಿಸೋದು ಎರಡನ್ನೂ ಎಂಟನೇ ಕ್ಲಾಸಿನತನಕ 2009ರ ಕಾಯಿದೆಯ 17ನೇ ಕಲಂ ನಿಷೇಧಿಸಿದೆ. ಜಾತಿ ಹಿಡಿದು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ಮೊದಲು ಹೆಡ್‌ಮಾಸ್ಟರ ಹತ್ತಿರ ಮಾತಾಡಿ, ಬರೆದು ಕೊಡಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಕೇಳದಿದ್ದರೆ ನಾಲ್ಕು ಜನ ಸೇರಿ ಹೋಗಿ.

5. ಹೆಣ್ಣು ಮಗುವಿನ ವಿಷಯದಲ್ಲಿ ಬೇಸಿಗೆ ರಜೆಯನ್ನು ಕಾಯಿರಿ. ಏಪ್ರಿಲಿನಲ್ಲಿ ಇಸ್ಕೂಲು ಮುಚ್ಚುತ್ತದೆ, ಮದುವೆ ಚಪ್ಪರ ಏಳುತ್ತದೆ. ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ. ಹದಿನೆಂಟರೊಳಗಿನ ಮದುವೆ ಕಾನೂನಿಗೆ ವಿರುದ್ಧ. ಮನೆಯವರ ಜೊತೆ ಕೂತು ಮಾತಾಡಿ. ಮಾತು ನಡೆಯದಿದ್ದರೆ 1098ಕ್ಕೆ ಫೋನ್ ಮಾಡಿ. ಬೈಸಿಕೊಳ್ಳಿ, ಪರವಾಗಿಲ್ಲ.

6. ಚರಂಡಿ ದಾಟಿ. ನೀವು ಹಿಡಿಯೋ ಮಗು ನಿಮ್ಮ ಕೇರಿಯದೇ ಆಗಬೇಕಿಲ್ಲ. ಆಚೆ ಕೇರಿಯದಾದರೆ ಇನ್ನೂ ಒಳ್ಳೆಯದು.

‘ಇದು ಸಮಾಜಸೇವೆ, ಚಳುವಳಿ ಅಲ್ಲ. ವ್ಯವಸ್ಥೆ ಬದಲಾಗಬೇಕು’ ಅನ್ನುತ್ತೀರಾ? ವ್ಯವಸ್ಥೆ ಬದಲಾಗಲೇಬೇಕು. ಹಕ್ಕು ಹತ್ತನೇ ಕ್ಲಾಸಿನ ಆಚೆಗೂ ಬೆಳೆಯಬೇಕು, ಸೈಕಲ್ ಮತ್ತೆ ಬರಬೇಕು, ಬಸ್ಸು ಊರ ಬಾಗಿಲಿಗೆ ಬರಬೇಕು, ಖಾಲಿ ಬಿದ್ದ ಮೇಷ್ಟ್ರ ಹುದ್ದೆ ತುಂಬಬೇಕು. ಅದಕ್ಕೆ ಬೀದಿಗೆ ಇಳಿಯೋಣ. ಆದರೆ ವ್ಯವಸ್ಥೆ ಬದಲಾಗೋತನಕ ಕಾಯೋಕೆ ಹದಿಮೂರು ವರ್ಷದ ಮಗುವಿಗೆ ಪುರುಸೊತ್ತಿಲ್ಲ. ಮುಂದಿನ ಜೂನಿಗೆ ಅದಕ್ಕೆ ಹದಿನಾಲ್ಕು ತುಂಬುತ್ತದೆ. ಇನ್ನೊಂದು ಮಾತು. ಮಗುವಿನ ಪಕ್ಕ ಕೂತವನಿಗೇ ವ್ಯವಸ್ಥೆ ಎಲ್ಲಿ ಕೊಳೆತಿದೆ ಅಂತ ಬೆರಳಿಟ್ಟು ತೋರಿಸೋಕೆ ಬರೋದು. ಮಿಕ್ಕವರಿಗೆ ಬರೋದು ಘೋಷಣೆ ಮಾತ್ರ.

ಮಗು ಫೇಲಾದರೆ? ಆಗಲಿ. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯೋ ದಾರಿ ಇದೆ. ಫೇಲಾದ ದಿನ ನೀವು ಅದರ ಮನೆ ಮುಂದೆ ಇರಬೇಕು. ಅವತ್ತು ಯಾರಾದರೂ ಬಾಯಿ ತೆಗೆದು "ಓದು ಹತ್ತಲಿಲ್ಲ" ಅಂದರೆ, "ಇನ್ನೂ ಮುಗಿದಿಲ್ಲ ಕಣವ್ವ, ಮತ್ತೆ ಬರೀತಾನೆ, ನಾನು ಇದ್ದೀನಿ" ಅನ್ನಬೇಕು.

ಹೋದ ಭಾನುವಾರ ನಾನು ಆಚೆ ಕೇರಿಗೆ ಹೋಗಿದ್ದೆ. ಹನ್ನೆರಡು ಹದಿಮೂರು ವರ್ಷ ತಡವಾಗಿ. ನನ್ನ ಜೊತೆಗಾರನ ಅಕ್ಕನ ಮಗಳು ಈ ಸಲ ಎಂಟನೇ ಕ್ಲಾಸು. ಅವನು ಕಾಯಿ ಸುಲಿಯೋ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಮುಷ್ಟಿ ಮುಚ್ಚಿ, ಹೊರಗೆ ಮೂರು ಬೀಜ ಇಟ್ಟು, ಒಟ್ಟು ಎಂಟು ಅಂದೆ. ಹುಡುಗಿ ಬಾಯಿ ತೆಗೆಯೋ ಮೊದಲೇ ಬಾಗಿಲಿಂದ ಅವನು "ಐದು" ಅಂದ.

ಅವನಿಗೆ ಓದು ಹತ್ತಲಿಲ್ಲವಂತೆ!

ಜೈ ಭೀಮ್.